ಹೆಂಗಸು ಕೂರಿಗೆ ಹೊಡೆದರೆ

ಎರಡನೇ ಮಹಾಯುದ್ಧ ಶುರುವಾದ ಮರುವರ್ಷ. ಆದೋನಿಯ ಆಸ್ಪತ್ರೆ ಜಗುಲಿಯಲ್ಲಿ ಅಜ್ಜಿಯ ಔಷಧಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗೋನೆಗಂಡ್ಲದ ಗುರುಶಾಂತಮ್ಮ, ಆಕೆಯ ಮೈದುನ ಮರಿಬಸಪ್ಪ. ಆಕೆಯ ಗಂಡ ಒಳಗೆ ಜ್ವರದಲ್ಲಿ ಮಲಗಿದ್ದ.

“ಹೊಲದ ಹಸಿ ಆರಾಕತ್ತೈತಿ. ನಾಳೆ ನಾನೇ ಕೂರಿಗಿ ಹೊಡದು ಬಿತ್ತತೀನಿ.”

“ಹೆಂಗಸು ಕೂರಿಗಿ ಹೊಡದ್ರ ಊರು ನಗತೈತಿ, ಅತ್ತಿಗೆಮ್ಮಾ!”

“ಪ್ರತಿ ವರ್ಷ ಕೂರಿಗಿ ಹಿಂದ ಬೀಜ ಬಿಡಾಕಿ ನಾನು. ಆಗ ಊರು ನಕ್ಕಿತೇನು?”

“ಬೀಜ ಬಿಡೋದು ಬ್ಯಾರೆ. ಎತ್ತು ಹೊಡಿಯೋದು ಗಂಡಸರ ಕೆಲಸ.”

“ಹಂಗಾರ ನೀನೇ ಬಂದು ಹೊಡಿಯಪ್ಪಾ.”

“ನನಗ ಪ್ಯಾಟ್ಯಾಗ ಹತ್ತಿ ಅಂಗಡಿ ಐತೆಲ್ಲ.”

“ಸರಿ, ಇಲ್ಲೇ ಇದ್ದು ನಿಮ್ಮಣ್ಣಗ ಗಂಜಿ ಕುಡಸು.”

“ನಾನಾ? ಅದು ಹೆಂಗಸರ ಕೆಲಸ!”

“ಹೆಂಗಸು ಹೊಲಕ್ಕ ಹೊಂಟಾಳ.”

ಗಂಜಿಯ ಚೊಂಬನ್ನು ಅವನ ತೊಡೆಯ ಮೇಲಿಟ್ಟು ಆಕೆ ಬಸ್ಸಿನ ಕಡೆ ನಡೆದಳು. ಅವನು ಅತ್ತಿತ್ತ ನೋಡಿ, ಚೊಂಬನ್ನು ಶಲ್ಯದೊಳಗೆ ಮುಚ್ಚಿಕೊಂಡು ಅಣ್ಣನ ಬಳಿ ಹೋದ.