ಮ್ಯಾಟಿನ ಅಂಚಿನಲ್ಲಿ ತಟ್ಟಿದ ಕೈ

ಈ ಸಂಜೆಯ ಸಭೆಯ ಅಧ್ಯಕ್ಷರೂ ನಮ್ಮ ಕ್ಲಬ್ಬಿನ ಹಿರಿಯರೂ ಆದ ಉಮ್ ಮಾಜಿದ್ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಮ್ಮ ಹೆಣ್ಣುಮಕ್ಕಳ ಕೋಚ್ ಜಂಡೀರಾ ಅವರೇ, ಬಾಗಿಲಲ್ಲೇ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸಿಕೊಂಡು ಬಂದು ಕುಳಿತಿರುವ ತಾಯಂದಿರೇ, ಅಜ್ಜಿಯರೇ, ಹುಡುಗಿಯರೇ, ಸಭಿಕರೇ, ತಮಗೆಲ್ಲ ಅಸ್ಸಲಾಮು ಅಲೈಕುಮ್.

ನನ್ನ ಹೆಸರು ಮೌಝಾ. ಹದಿಮೂರು ವರ್ಷದ ಶಮ್ಮಾಳ ತಾಯಿ. ಏಳು ತಿಂಗಳ ಹುಮೈದನ ತಾಯಿಯೂ ಹೌದು, ಅವನು ಹುಟ್ಟಿದ ಮೇಲೆ ಹಲವರಿಗೆ ನಾನು ಉಮ್ ಹುಮೈದ್. ಏಳು ತಿಂಗಳಿಂದ ನಾನು ಒಂದು ರಾತ್ರಿಯೂ ಪೂರ್ತಿ ಕಣ್ಣು ಮುಚ್ಚಿಲ್ಲ. ಆದ್ದರಿಂದ ಮಾತಿನ ನಡುವೆ ಸುಮ್ಮನಾದರೆ ಭಾವುಕಳಾದೆ ಎಂದು ತಿಳಿಯಬೇಡಿ, ನಿದ್ದೆ ಹೋಗಿರಬಹುದು.

ಇಂದು ಇಲ್ಲಿ ಎರಡು ಕೆಲಸಗಳಿವೆ. ಒಂದು, ಕಳೆದ ತಿಂಗಳ ಜುಜಿತ್ಸು ಕೂಟದಲ್ಲಿ ಚಿನ್ನ ಗೆದ್ದ ಶಮ್ಮಾಳಿಗೆ ಸನ್ಮಾನ. ಇನ್ನೊಂದು, ಹಿಮ್ಮಡಿ ಪಟ್ಟನ್ನು ಮುಂದಿನ ಋತುವಿನಿಂದ ಹದಿನಾಲ್ಕರೊಳಗಿನ ಹುಡುಗಿಯರ ಸ್ಪರ್ಧೆಗಳಲ್ಲಿ ಅನುಮತಿಸಬೇಕೇ ಬೇಡವೇ ಎಂದು ನಗರದ ಎಲ್ಲ ಕ್ಲಬ್ಬುಗಳ ತಾಯಂದಿರು ಕೈ ಎತ್ತಿ ತೀರ್ಮಾನಿಸುವುದು. ಎರಡಕ್ಕೂ ಸೇರಿಸಿ ನಾನು ನಾಲ್ಕು ಮಾತನಾಡಬೇಕೆಂದು ಉಮ್ ಮಾಜಿದ್ ಅವರೇ ಫೋನ್ ಮಾಡಿದ್ದರು.

"ಮೌಝಾ, ನೀನು ಹೇಳಿದ್ರೆ ತಾಯಂದಿರು ಕೇಳ್ತಾರೆ ಕಣಮ್ಮಾ. ನಿನ್ನ ಮಗಳೇ ಸಾಕ್ಷಿ. ಮಕ್ಕಳು ಆ ಪಟ್ಟಿಂದ ಆರಾಮಾಗಿ ಬಿಡಿಸ್ಕೋತಾರೆ ಅನ್ನೋದಕ್ಕೆ ಇನ್ನೇನು ಬೇಕು?"

ನಾನು ಒಪ್ಪಿಕೊಂಡೆ. ನನ್ನ ಗಂಡ ಸುಹೈಲ್ ಚಂದದ ಭಾಷಣವನ್ನೂ ಬರೆದುಕೊಟ್ಟರು. ಧೈರ್ಯ, ಶಿಸ್ತು, ದೇಶದ ಭವಿಷ್ಯ ಎಲ್ಲವೂ ಅದರಲ್ಲಿದೆ. ಈ ಕಾಗದವೇ ಅದು. ಇದನ್ನು ನಾನು ಓದುವುದಿಲ್ಲ. ಕ್ಷಮಿಸಿ.

ಜುಜಿತ್ಸುವಿನ ಬಗ್ಗೆ ನನಗೆ ಏನು ಗೊತ್ತಿತ್ತು? ಶಾಲೆಯಲ್ಲಿ ಕಲಿಸುತ್ತಾರೆ, ಮಗಳು ಕಲಿತಳು. ಬಿಳಿ ಅಂಗಿಯನ್ನು ವಾರಕ್ಕೆ ನಾಲ್ಕು ಸಲ ಒಗೆದು ನಾನೂ ಕಲಿತೆ. ಎದುರಾಳಿಯ ಪಟ್ಟಿನಿಂದ ಬಿಡಿಸಿಕೊಳ್ಳಲಾಗದಿದ್ದರೆ ಅವಳ ಮೈಯನ್ನೋ ಮ್ಯಾಟನ್ನೋ ಕೈಯಿಂದ ತಟ್ಟಬೇಕು. ತಟ್ಟಿದ ಕೂಡಲೇ ಬಿಡಬೇಕು. ಇಡೀ ಆಟ ನಿಂತಿರುವುದು ಇದರ ಮೇಲೆ. ನಮ್ಮ ಕೋಚ್ ಜಂಡೀರಾ ಬ್ರೆಜಿಲ್‌ನಿಂದ ಬಂದು ಒಂಬತ್ತು ವರ್ಷವಾಯಿತು, ಅರಬ್ಬಿ ಇನ್ನೂ ಅವರ ನಾಲಿಗೆಗೆ ಪೂರ್ತಿ ಒಲಿದಿಲ್ಲ. ನಗಬೇಡಿ ಕೋಚ್, ನಿಮಗೂ ಗೊತ್ತು. ಆದರೆ ಈ ಒಂದು ವಾಕ್ಯವನ್ನು ಅವರು ತಪ್ಪಿಲ್ಲದೆ ಹೇಳುತ್ತಾರೆ: "ತಟ್ಟಿದ್ದು ಕೇಳಿಸ್ತಾ, ಬಿಡು. ಯಾರು ಅಂತ ನೋಡ್ತಾ ಕೂರಬೇಡ."

ಈ ಹಿಮ್ಮಡಿ ಪಟ್ಟು ಎಂದರೆ ಎದುರಾಳಿಯ ಪಾದವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಮ್ಮಡಿಯನ್ನು ತಿರುಚುವುದು. ತಿರುಚುವುದು ಹಿಮ್ಮಡಿಯನ್ನು, ಹೋಗುವುದು ಮಂಡಿ. ಕಳೆದ ತಿಂಗಳ ಕೂಟದಲ್ಲಿ, ನೋಡೋಣವೆಂದು, ಫೈನಲ್‌ಗಳಲ್ಲಿ ಮಾತ್ರ ಇದಕ್ಕೆ ಅವಕಾಶ ಕೊಟ್ಟಿದ್ದರು. ತಾಯಂದಿರ ಒಪ್ಪಿಗೆ ಪತ್ರ ಫೋನಿಗೆ ಬಂದಿತ್ತು. ನಾನು ಒಂದು ಕೈಯಲ್ಲಿ ಹಾಲಿನ ಬಾಟಲಿ ಹಿಡಿದು ಇನ್ನೊಂದು ಕೈಯ ಬೆರಳಲ್ಲಿ ಸಹಿ ಎಳೆದೆ. ಓದಿರಲಿಲ್ಲ. ಸಾಹಿತ್ಯದಲ್ಲಿ ಪದವಿ ಪಡೆದವಳು ನಾನು, ಅರ್ಧ ಪುಟ ಓದಲಿಲ್ಲ.

ಇಡೀ ಕೂಟದಲ್ಲಿ ಆ ಪಟ್ಟನ್ನು ಒಂದೇ ಒಂದು ಸಲ ಹಾಕಿದರು. ಹಾಕಿದ್ದು ನನ್ನ ಮಗಳ ಕಾಲಿಗೆ.

ಆ ದಿನ ಮುಂದಿನ ಸಾಲಿನ ತಾಯಂದಿರಿಗೆ ಕುರ್ಚಿ ಸಾಲದೆ, ನಾನೂ ನಮ್ಮ ಅತ್ತೆಯೂ ಮ್ಯಾಟಿನ ಅಂಚಿನಲ್ಲೇ ಕಾಲು ಮಡಚಿ ಕುಳಿತಿದ್ದೆವು. ಹುಮೈದ್ ನನ್ನ ತೊಡೆಯ ಮೇಲಿದ್ದ, ಅವನ ಬೆನ್ನು ತಟ್ಟುತ್ತಾ ಮಲಗಿಸುತ್ತಿದ್ದೆ. ತಟ್ಟುವುದು ನನ್ನ ಕೈಗೆ ಎಷ್ಟು ರೂಢಿಯೆಂದರೆ, ಅವನು ಪಕ್ಕದಲ್ಲಿಲ್ಲದಿದ್ದರೆ ದಿಂಬನ್ನು ತಟ್ಟುತ್ತೇನೆ. ಎದುರಾಳಿ ಸಲಾಮಾ, ನಗರದ ಆಚೆ ಬದಿಯ ಕ್ಲಬ್ಬಿನ ಹುಡುಗಿ, ಕೆಳಗೆ ಜಾರಿ ಶಮ್ಮಾಳ ಪಾದ ಹಿಡಿದಳು. ಶಮ್ಮಾಳ ಮುಖ ನನ್ನ ಕಡೆಗಿತ್ತು. ಅವಳ ಮುಖದಲ್ಲಿ ನೋವೇ ಇರಲಿಲ್ಲ. ಇನ್ನು ಹೊರಳಿ ತಪ್ಪಿಸಿಕೊಳ್ಳುತ್ತೇನೆ ಎಂಬಂತೆ ತುಟಿ ಕಚ್ಚಿದ್ದಳು. ಆದರೆ ಮಂಡಿ ಒಂದು ಕಡೆಗೆ, ಪಾದ ಇನ್ನೊಂದು ಕಡೆಗೆ ನೋಡುತ್ತಿದ್ದವು.

ಆಗ ಮ್ಯಾಟಿನ ಮೇಲೆ ಮೂರು ಸಲ ತಟ್ಟಿದ ಸದ್ದಾಯಿತು. ಸಲಾಮಾ ತಕ್ಷಣ ಕೈ ಬಿಟ್ಟಳು.

ರೆಫರಿ ಆಚೆ ಬದಿಯಲ್ಲಿದ್ದರು. ಶಮ್ಮಾ ತಟ್ಟಿದ್ದನ್ನು ಅವರು ಕಾಣಲಿಲ್ಲ, ಏಕೆಂದರೆ ಶಮ್ಮಾ ತಟ್ಟಿರಲಿಲ್ಲ. "ಮುಂದುವರಿಸಿ" ಎಂದರು. ಶಮ್ಮಾ ಹೊರಳಿ ಮೇಲೆ ಬಂದಳು, ಅಂಕ ಗಳಿಸಿದಳು, ಗೆದ್ದಳು. ಸಲಾಮಾ ಅಳುತ್ತಾ ಹೇಳಿದಳು:

"ಅವಳು ತಟ್ಟಿದಳು ಮಿಸ್, ನಾನು ಕೇಳಿಸ್ಕೊಂಡೆ!"

"ವಲ್ಲಾಹಿ, ನಾನು ತಟ್ಟಿಲ್ಲ," ಎಂದು ಆಣೆ ಮಾಡಿದಳು ನನ್ನ ಮಗಳು.

ಸುತ್ತ ಕುಳಿತ ನಮ್ಮನ್ನು ರೆಫರಿ ಕೇಳಿದರು, ತಟ್ಟಿದ್ದು ಯಾರಿಗಾದರೂ ಕೇಳಿಸಿತೇ? ಹೆಂಗಸರ ಕೂಟ, ಕ್ಯಾಮೆರಾ ಒಳಗೆ ಬಿಡುವುದಿಲ್ಲ, ತಿರುಗಿಸಿ ನೋಡಲು ಏನೂ ಇಲ್ಲ. ನಮ್ಮ ಸಾಲಿನಲ್ಲಿ ಯಾರೋ ನಕ್ಕರು, "ಸೋತವರ ಕಿವೀಲಿ ಏನೇನೋ ಕೇಳಿಸುತ್ತೆ ಬಿಡಿ" ಎಂದರು. ನಾನು ತಲೆ ಬಗ್ಗಿಸಿ ಹುಮೈದನ ಟೋಪಿ ಸರಿಮಾಡುತ್ತಿದ್ದೆ.

ತಟ್ಟಿದ್ದು ನಾನು.

ಬೇಕೆಂದು ತಟ್ಟಿದೆನೇ? ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಮಗುವಿನ ಬೆನ್ನಿನ ಮೇಲಿದ್ದ ಕೈ ಮ್ಯಾಟಿಗೆ ಹೋದದ್ದು ನನಗೆ ತಿಳಿಯಲಿಲ್ಲ. ಸದ್ದು ಕೇಳಿದ ಮೇಲೆ ನನ್ನ ಅಂಗೈ ಉರಿಯುತ್ತಿತ್ತು, ಅಷ್ಟೇ. ಕಾರಿನಲ್ಲಿ ಅತ್ತೆ ಶಮ್ಮಾಳಿಗೆ ಕೇಳದಂತೆ ನನ್ನ ಕಿವಿಯ ಬಳಿ ಹೇಳಿದರು: "ಏನೇ ಮೌಝಾ, ನಾನು ಮುದುಕಿ, ನಿಜ. ಕಿವುಡಿ ಅಲ್ಲ."  

ಮರುದಿನ ನಾನು ಕೋಚ್ ಬಳಿ ಹೋದೆ. ನಿಜ ಹೇಳಲೆಂದೇ ಹೋದವಳು ಬೇರೇನೋ ಕೇಳಿದೆ. ಶಮ್ಮಾಳಿಗೆ ಒಂಚೂರೂ ನೋವಾಗಲಿಲ್ಲವಂತೆ, ಹಾಗಾದರೆ ಪಟ್ಟು ಸರಿಯಾಗಿ ಬಿದ್ದಿರಲಿಲ್ಲ ಅಲ್ಲವೇ ಎಂದೆ. ಕೋಚ್ ನನ್ನ ಮೊಣಕೈ ಹಿಡಿದು ಮೆಲ್ಲಗೆ ಚಾಚಿ ತೋರಿಸಿದರು:

"ಉಮ್ ಹುಮೈದ್, ಕೈ ಪಟ್ಟು, ಮೊದಲು ನೋವು, ಆಮೇಲೆ ಮುರಿ. ಆ ಪಟ್ಟು, ಮೊದಲು ಮುರಿ, ಆಮೇಲೆ ನೋವು. ನೋವು ಇಲ್ಲ ಅಂದಳಾ? ಹಾಗಾದ್ರೆ ಮುರಿಯೋಕೆ ಇನ್ನೊಂದೇ ಉಸಿರು ಇತ್ತು."

ಅಂದಿನಿಂದ ಶಮ್ಮಾ ಮೆಟ್ಟಿಲಿಳಿಯುವುದನ್ನು ನೋಡುತ್ತೇನೆ. ಊಟಕ್ಕೆ ಕುಳಿತು ಏಳುವುದನ್ನು ನೋಡುತ್ತೇನೆ. "ನನ್ನ ಕಾಲನ್ನ ಯಾಕಮ್ಮಾ ಹಾಗೆ ನೋಡ್ತೀಯಾ, ಹೊಸ ಚಪ್ಪಲಿ ಕೊಡಿಸ್ತೀಯಾ?" ಎನ್ನುತ್ತಾಳೆ.

ಪಟ್ಟಿನ ಪರವಾಗಿರುವವರು ಹೇಳುವುದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ನಾಳೆ ದೊಡ್ಡವರಾಗಿ ಹೊರದೇಶಗಳಿಗೆ ಹೋದಾಗ ಇದೇ ಪಟ್ಟು ಎದುರಾಗುತ್ತದೆ, ಗೊತ್ತಿಲ್ಲದೆ ಹೋದರೆ ಅಲ್ಲಿ ಮುರಿಸಿಕೊಳ್ಳುತ್ತಾರೆ. ನಿಜ. ಕಲಿಸಲಿ. ಕೋಚ್ ಪಕ್ಕದಲ್ಲಿ ಕೂತು, ನಿಧಾನವಾಗಿ, ಇಲ್ಲಿಯವರೆಗೆ ಹಿಡಿ, ಇಲ್ಲಿಂದ ಬಿಡು ಎಂದು ಕಲಿಸಲಿ. ಆದರೆ ಪದಕ ಕಣ್ಣೆದುರು ತೂಗುತ್ತಿರುವಾಗ, ಇಡೀ ಸಭಾಂಗಣ ಹೆಸರು ಹಿಡಿದು ಕೂಗುತ್ತಿರುವಾಗ, ಹದಿಮೂರರ ಹುಡುಗಿ ನೋವೇ ಇಲ್ಲದೆ ಸೋಲು ಒಪ್ಪಿಕೊಂಡು ತಟ್ಟುತ್ತಾಳೆಯೇ? ನನ್ನವಳು ತಟ್ಟಲಿಲ್ಲ. ನಿಮ್ಮವಳು ತಟ್ಟುತ್ತಾಳೆಯೇ?

ಮಕ್ಕಳು ಈ ಪಟ್ಟಿನಿಂದ ಬಿಡಿಸಿಕೊಳ್ಳಬಲ್ಲರು ಎಂಬುದಕ್ಕೆ ಕೂಟದ ಸಮಿತಿಯ ಬಳಿ ಇರುವ ಸಾಕ್ಷಿ ಒಂದೇ, ನನ್ನ ಮಗಳು. ಉಮ್ ಮಾಜಿದ್, ಅವಳು ಬಿಡಿಸಿಕೊಳ್ಳಲಿಲ್ಲ. ಅವಳನ್ನು ಬಿಟ್ಟರು. ನನ್ನ ಮಗಳ ಮಂಡಿ ಉಳಿದದ್ದು ಅವಳ ಧೈರ್ಯದಿಂದಲ್ಲ, ನನ್ನ ಕೈಯಿಂದಲೂ ಅಲ್ಲ. ಗೆಲುವು ಕಂಕುಳಲ್ಲಿದ್ದಾಗಲೂ ಸದ್ದು ಕೇಳಿದ ಕ್ಷಣವೇ ಬಿಟ್ಟ ಸಲಾಮಾಳಿಂದ. ಅವಳನ್ನೇ ನಾವು ಸುಳ್ಳಿ ಎಂದೆವು.

ಇಂದು ಮಧ್ಯಾಹ್ನ ಶಮ್ಮಾಳ ಜಡೆ ಹೆಣೆಯುವಾಗ ಅವಳಿಗೆ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ಕನ್ನಡಿಯಲ್ಲೇ ನನ್ನನ್ನು ನೋಡುತ್ತಾ ಕೇಳಿದಳು:

"ನಾನು ತಟ್ಟಿಲ್ಲ ಅಂತ ಆಣೆ ಮಾಡಿದ್ದೆ. ಅದು ನಿಜ ತಾನೆ?"

"ನಿಜ."

"ಅವಳು ಕೇಳಿಸ್ಕೊಂಡಿದ್ದೂ ನಿಜ."

"ಹೌದು."

"ಹಾಗಾದ್ರೆ ಸುಳ್ಳು ಹೇಳಿದ್ದು ಯಾರಮ್ಮಾ?"

ಆ ದಿನ ನಾನು ಬಾಯೇ ಬಿಟ್ಟಿರಲಿಲ್ಲವಲ್ಲ. ಅವಳು ಜಡೆಯನ್ನು ನನ್ನ ಕೈಯಿಂದ ಎಳೆದುಕೊಂಡಳು. ಉಳಿದ ಜಡೆಯನ್ನು ಅವಳೇ ಹೆಣೆದುಕೊಂಡಳು. ಅದಕ್ಕೇ ಅದು ಸೊಟ್ಟಗಿದೆ, ಎರಡನೇ ಸಾಲಿನಲ್ಲಿ ನೀವೇ ನೋಡಬಹುದು. 

ಆದ್ದರಿಂದ ಅಧ್ಯಕ್ಷರಲ್ಲಿ ನನ್ನದು ಎರಡು ಕೋರಿಕೆ. ಈ ಸನ್ಮಾನ ನಿಲ್ಲಿಸಿ, ಆ ಪಂದ್ಯದ ತೀರ್ಪನ್ನು ಮತ್ತೆ ನೋಡಿ. ಕೈ ಎತ್ತುವ ತಾಯಂದಿರೇ, ಎತ್ತುವ ಮೊದಲು ನಿಮ್ಮ ಫೋನಿಗೆ ಬಂದ ಆ ಅರ್ಧ ಪುಟವನ್ನು ಓದಿ. ನಾನು ನಿನ್ನೆ ಓದಿದೆ. ಕೊನೆಯ ಸಾಲಿನಲ್ಲಿ, ಆಗಬಹುದಾದ ಗಾಯಕ್ಕೆ ತಾಯಿಯೇ ಹೊಣೆ ಎಂದಿದೆ.

ಸಲಾಮಾ, ನೀನು ಹಿಂದಿನ ಸಾಲಿನಲ್ಲಿ ನಿನ್ನ ಅಮ್ಮನ ಪಕ್ಕ ಕುಳಿತಿರುವುದು ನನಗೆ ಇಲ್ಲಿಂದ ಕಾಣುತ್ತದೆ. ನೀನು ಕೇಳಿಸಿಕೊಂಡದ್ದು ನಿಜ, ಮಗಳೇ. ಮೂರು ಸಲ. ಎಲ್ಲರೆದುರು ನಿನ್ನನ್ನು ಸುಳ್ಳಿ ಅನ್ನಿಸಿಕೊಳ್ಳಲು ಬಿಟ್ಟೆ, ಅದಕ್ಕೇ ಎಲ್ಲರೆದುರು ಕ್ಷಮೆ ಕೇಳುತ್ತಿದ್ದೇನೆ.

ಶಮ್ಮಾ ಎದ್ದಿದ್ದಾಳೆ. ಹೊರಗೆ ಹೊರಟಳೆಂದುಕೊಂಡೆ. ಇಲ್ಲ, ಬಾಗಿಲ ಮುಂದಿನಿಂದ ಹಾದು ಹಿಂದಿನ ಸಾಲಿನ ಕಡೆಗೆ ಹೋಗುತ್ತಿದ್ದಾಳೆ. ಕೊರಳಲ್ಲಿದ್ದ ಪದಕ ಈಗ ಕೈಯಲ್ಲಿದೆ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ, ಅದು ಅವರಿಬ್ಬರ ಮಾತು.

ಚೆನ್ನಾಗಿ ನಡೆಯುತ್ತಿದ್ದಾಳೆ, ನೋಡಿ. ಎರಡೂ ಕಾಲು ನೆಟ್ಟಗೆ ಊರಿ ನಡೆಯುತ್ತಿದ್ದಾಳೆ.

ಹುಮೈದ್ ಅಳುತ್ತಿದ್ದಾನೆ. ಅತ್ತೆ, ಸ್ವಲ್ಪ ಅವನ ಬೆನ್ನು ತಟ್ಟಿ, ನಾನು ಬಂದೆ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ, ಎಲ್ಲರಿಗಿಂತ ಹೆಚ್ಚಾಗಿ ಹಿಂದಿನ ಸಾಲಿನ ಆ ಹುಡುಗಿಗೆ. ಅಸ್ಸಲಾಮು ಅಲೈಕುಮ್.