ಕತ್ತರಿಸುವಾಕೆಯ ಮತ

ನಮ್ಮ ದೇಶ ನೆರೆದೇಶಗಳ ಒಕ್ಕೂಟದಲ್ಲಿ ಉಳಿಯಬೇಕೋ, ಹೊರಬರಬೇಕೋ ಎಂದು ತಿಂಗಳಿಂದ ಊರೇ ಕಿತ್ತಾಡಿತ್ತು. ಮತದಾನದ ದಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಓರಗಿತ್ತಿಯರು ನಿಂತಿದ್ದರು. ಇಬ್ಬರದೂ ಒಂದೇ ಹೊಲಿಗೆ ಅಂಗಡಿ. ಹಿರಿಯಾಕೆ ಬಟ್ಟೆ ಕತ್ತರಿಸುತ್ತಾರೆ, ಕಿರಿಯಾಕೆ ಹೊಲಿಯುತ್ತಾರೆ.

“ದಿನಾ ಕತ್ತರಿಸೋಳು ನೀನು. ಹೊರಗೆ ಬರೋಣ ಅಂದ್ರೆ ನಿಂಗ್ಯಾಕಕ್ಕ ಭಯ?”

“ದಿನಾ ಕತ್ತರಿಸ್ತೀನಲ್ಲ, ಅದಕ್ಕೇ. ಒಂದ್ಸಲ ಕತ್ತರಿ ಆಡಿಸಿದ ಮೇಲೆ ಬಟ್ಟೆ ಮೊದಲಿನ ಹಾಗೆ ಆಗಲ್ಲ ಕಣೇ.”

“ನಮ್ಮ ಕಾನೂನು ಅವರ್ಯಾರೋ ಬರೀತಾರೆ. ಉಸಿರು ಕಟ್ಟೋ ಅಂಗೀನ ಎಷ್ಟು ದಿನ ಹಾಕ್ಕೊಳ್ಳೋದು?”

“ಬಿಗಿಯಾದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡು. ಒಳಗೆ ಬಟ್ಟೆ ಬಿಟ್ಟಿರ್ತೀನಲ್ಲ, ಸುಮ್ನೇನಾ?”

“ನೀನು ಬಿಡ್ತೀಯಕ್ಕ. ಅವರು ಬಿಟ್ಟಿಲ್ಲ.”

ಹಿರಿಯಾಕೆ ನಕ್ಕುಬಿಟ್ಟರು. ಸಾಲು ಮಾತ್ರ ಕದಲಲಿಲ್ಲ.

“ಮಂಡಿ ಹಿಡ್ಕೊಂಡಿದೆ, ಮನೆಗೆ ಹೋಗ್ತೀನಿ. ಎದುರು ಒಂದು ಮತ ಕಮ್ಮಿ, ನಿಂಗೇ ಲಾಭ.”

“ನೀನು ಮನೇಲಿ ಕೂತಿದ್ದಕ್ಕೆ ನಾನು ಗೆದ್ರೆ ಅದೂ ಒಂದು ಗೆಲುವಾ? ಬಾ, ನನ್ನ ಭುಜ ಹಿಡ್ಕೋ.”

“ನಿನ್ನ ಭುಜ ಹಿಡ್ಕೊಂಡು ಹೋಗಿ ನಿನ್ನ ವಿರುದ್ಧವೇ ಹಾಕ್ತೀನಿ ನೋಡು!”

“ಧಾರಾಳವಾಗಿ ಹಾಕು.”

ಹಾಗೆಂದವರೇ ಕಿರಿಯಾಕೆ ಮುಂದಿನವರಿಗೆಲ್ಲ ಕೇಳುವಂತೆ ಕೂಗಿದರು: “ಸ್ವಲ್ಪ ದಾರಿ ಬಿಡ್ರಪ್ಪಾ, ನಮ್ಮಕ್ಕಂಗೆ ಕಾಲು ನೋವು. ಮೊದಲು ಇವರು ಹಾಕ್ಲಿ!”

ಸಾಲು ಸರಿದು ದಾರಿ ಕೊಟ್ಟಿತು.