ಅನ್ಸೆಲ್ಮೋ ಹದ ಹಾಕಿದ ಚಾಕುಗಳು

ನಮ್ಮ ಚಾಕು ಬಳಗದ ಅಧ್ಯಕ್ಷರಾದ ಓಸ್ವಾಲ್ದೋ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಸನ್ಮಾನಕ್ಕಾಗಿ ಬಂದು ಕುಳಿತಿರುವ ಅನ್ಸೆಲ್ಮೋ ಗೊಯೆನೆಚೆ ಅವರೇ, ಡೆಲ್ಮೀರಾ ಸುಟ್ಟುಕೊಟ್ಟ ಮಾಂಸವನ್ನು ಹೊಟ್ಟೆ ತುಂಬ ತಿಂದು ಈಗ ನನ್ನ ಭಾಷಣವನ್ನೂ ಜೀರ್ಣಿಸಿಕೊಳ್ಳಬೇಕಾಗಿರುವ ತಾಂದಿಲ್‌ನ ಸಭಿಕರೇ,

ಈ ವರ್ಷದ ಪದಕವನ್ನು ಅನ್ಸೆಲ್ಮೋ ಅವರ ಕೊರಳಿಗೆ ಹಾಕಿ ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ಬಳಗದ ವಿದ್ಯುತ್ ಒಲೆಯನ್ನು ನೋಡಿಕೊಳ್ಳುವವಳು ನಾನು. ಈ ಮನುಷ್ಯನಿಗೆ ಹೆಂಡತಿಯಾಗಿ ಅರ್ಧ ಆಯುಷ್ಯ ಕಳೆದವಳೂ ನಾನೇ. ಬೇರೆಯಾದ ಮೇಲೂ ಒಂದೇ ಒಲೆಯ ಮುಂದೆ ನಿಲ್ಲುತ್ತೇವೆ, ಆದ್ದರಿಂದ ಇವಳು ಅಂದವಾಗಿ ಹೊಗಳುತ್ತಾಳೆ ಎಂದು ಓಸ್ವಾಲ್ದೋ ಅವರಿಗೆ ಅನಿಸಿರಬೇಕು. ಲೆಕ್ಕ ತಪ್ಪಿತು, ಓಸ್ವಾಲ್ದೋ.

ಒಳ್ಳೆಯ ಮಾತು ಇಲ್ಲವೆಂದಲ್ಲ. ಕಾದ ಉಕ್ಕಿನ ಬಣ್ಣ ನೋಡಿ ಅದರ ಬಿಸಿ ಹೇಳುವ ಕಣ್ಣು ಇವರದು. ಅಪ್ಪನಿಂದ ಬಂದದ್ದು. ಹಳೆಯ ಉಕ್ಕನ್ನು ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ಚೆರಿ ಹಣ್ಣಿನ ಬಣ್ಣಕ್ಕೆ ಬಂದ ಕ್ಷಣ ಎಣ್ಣೆಗೆ ಅದ್ದುವಾಗ ಇವರ ಮುಖ ನೋಡಬೇಕಿತ್ತು. ನಾನು ನೋಡಿದೆ. ಮದುವೆಯಾದದ್ದು ಆ ಮುಖವನ್ನೇ.

ಆದರೆ ಈಗ ನಾವೆಲ್ಲ ಬಳಸುವುದು ತುಕ್ಕು ಹಿಡಿಯದ ಉಕ್ಕು. ಅದನ್ನು ತೆಳು ಉಕ್ಕಿನ ಹಾಳೆಯಲ್ಲಿ ಪೊಟ್ಟಣದ ಹಾಗೆ ಸುತ್ತಿ ಒಲೆಗಿಡುತ್ತೇವೆ. ಪೊಟ್ಟಣದೊಳಗಿನ ಬಣ್ಣ ಯಾರ ಕಣ್ಣಿಗೆ ಕಾಣುತ್ತದೆ? ಸಾವಿರ ಡಿಗ್ರಿ ದಾಟಿಸಿ, ಅದು ಕೇಳಿದಷ್ಟು ಹೊತ್ತು ಅಲ್ಲೇ ಬಿಡಬೇಕು. ಎರಡು ಅಲ್ಯೂಮಿನಿಯಂ ಹಲಗೆಗಳ ನಡುವೆ ಒತ್ತಿ ತಣಿಸಬೇಕು. ಒಣ ಮಂಜುಗಡ್ಡೆಯಲ್ಲಿ ಹೂಳಬೇಕು. ಆಗ ಅದು ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಪಟಕ್ಕನೆ ಮುರಿಯುವಂಥದ್ದು. ಆಮೇಲೆ ಸಣ್ಣ ಬಿಸಿಯಲ್ಲಿ ಎರಡು ಸಲ ನಿಧಾನವಾಗಿ ಹದ ಹಾಕಿದರೆ ಮಾತ್ರ ಅದು ಕೈಗೆ ಕೊಡಬಹುದಾದ ಚಾಕು. ಇಲ್ಲಿರುವ ಯಾರಿಗೆ ಇದು ಗೊತ್ತಿಲ್ಲ? ಅನ್ಸೆಲ್ಮೋಗೆ ಗೊತ್ತಿಲ್ಲವೇ?

ಕಳೆದ ಶರತ್ಕಾಲದ ಪ್ರದರ್ಶನಕ್ಕೆ ಮುಂಚೆ ನಾನು ತಂಗಿಯ ಮನೆಗೆ ಹೋಗಿದ್ದೆ. ಇವರು ಬಳಗದ ಒಲೆಯಲ್ಲಿ ಒಂದು ಕಂತು ಚಾಕು ಮಾಡಿದರು. ಪ್ರದರ್ಶನಕ್ಕಿಟ್ಟವೆಲ್ಲ ಮಾರಾಟವಾದವು, ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಅದರಲ್ಲೊಂದು ಡೆಲ್ಮೀರಾಳ ಹೋಟೆಲಿನ ಅಡುಗೆಮನೆಗೆ ಹೋಯಿತು. ಪಕ್ಕೆಲುಬಿನ ಮಾಂಸ ಕೊಯ್ಯುವಾಗ ಅದು ಹಿಡಿಯ ಹತ್ತಿರ ಪಟ್ಟನೆ ಮುರಿದು, ತುಂಡು ಅವಳ ಅಂಗೈಯೊಳಗೆ ಹೊಕ್ಕಿತು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ನೀವು ಈಗಷ್ಟೇ ಬೆರಳು ಚೀಪಿಕೊಂಡು ತಿಂದ ಮಾಂಸವನ್ನು ಅವಳು ಎಡಗೈಯಲ್ಲಿ ಕೊಯ್ದದ್ದು. ಯಾರಾದರೂ ನೋಡಿದಿರಾ?

ಮುರಿದ ತುಂಡನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸರಿಯಾದ ಉಕ್ಕು ಮುರಿದರೆ ಒಳಗೆ ಬೂದು ರೇಷ್ಮೆಯಂತಿರುತ್ತದೆ. ಇದು ಕಲ್ಲುಪ್ಪಿನ ಹಾಗೆ ತರಿತರಿ. ನೇರ ಇವರ ಬಳಿಗೆ ಹೋಗಿ ಕೇಳಿದೆ.

"ಬೆಳಗ್ಗೆ ಪ್ರದರ್ಶನ ಇತ್ತಲ್ಲ, ಒಲೆ ಸ್ವಲ್ಪ ಜಾಸ್ತಿ ಮಾಡಿ ಬೇಗ ತೆಗೆದೆ," ಅಂದರು.

"ಹದ?"

"ಒಂದ್ ಸಲ ಬೆಚ್ಚಗೆ ಮಾಡಿದೀನಿ, ಸಾಕು. ಆ ಹೆಂಗಸು ಮೂಳೆ ಮೀಟೋಕೆ ಹೋಗಿರ್ತಾಳೆ."

"ಒಲೆಯ ಬಿಸಿ ಮೀಟರ್ ನೋಡಿದ್ಯಾ, ಇಲ್ವಾ?"

"ಮೀಟರ್ ನೀನಿಟ್ಕೋ ಲಾಲಾ. ನನಗೆ ಕಣ್ಣಿದೆ ಕಣೇ."

ಕಣ್ಣು! ಅಲ್ಲ, ಸಭಿಕರೇ, ಮುಚ್ಚಿದ ಪೊಟ್ಟಣದ ಮುಂದೆ ಕಣ್ಣು!

ಆಮೇಲೆ ನಮ್ಮ ಬಳಗ ಏನು ಮಾಡಿತು? ಸಭೆ ಸೇರಿತು. "ಊರಿನ ಹೆಸರು ಹಾಳಾಗುತ್ತೆ, ಸುಮ್ನಿರಮ್ಮ," ಎಂದು ಓಸ್ವಾಲ್ದೋ ಅವರು ನನಗೆ ಬುದ್ಧಿ ಹೇಳಿದರು. ಡೆಲ್ಮೀರಾಳಿಗೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ಉಡುಗೊರೆ ಕಳಿಸಿದರು. ಪೆಟ್ಟಿಗೆಯೊಳಗೆ ಏನಿತ್ತು ಗೊತ್ತೇ? ಇನ್ನೊಂದು ಚಾಕು. ಹಿಡಿಯಲಾಗದ ಕೈಗೆ ಚಾಕು! "ಇದನ್ನ ಎಲ್ಲಿ ನೇತು ಹಾಕ್ಲಿ ಲಾಲಕ್ಕಾ, ಗೋಡೆಗಾ, ಕೊರಳಿಗಾ?" ಎಂದು ಅವಳು ನಕ್ಕಳು. ಆ ನಗು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಬಿಟ್ಟು ಹೋದವಳ ಹೊಟ್ಟೆಕಿಚ್ಚು ಎಂದು ಹಿಂದಿನ ಸಾಲಿನಲ್ಲಿ ಪಿಸುಗುಟ್ಟುತ್ತಿದ್ದೀರಿ. ಪಿಸುಗುಟ್ಟಿ. ಇವರು ತೊಟ್ಟಿರುವ ಆ ನೀಲಿ ಸ್ವೆಟರ್ ಹೆಣೆದದ್ದು ನಾನು. ಮೊಣಕೈ ಹರಿದಿದೆ, ಹೊಲಿಯುವವರಿಲ್ಲ, ಸಕ್ಕರೆ ಬೇಡವೆಂದು ಡಾಕ್ಟರು ಹೇಳಿದರೂ ಮಾಟೆ ಎಲೆಯ ಚಹಾಕ್ಕೆ ಎರಡು ಚಮಚ ಸುರಿದು ಹೀರುತ್ತಾರೆ. ನನಗೇನು? ನನಗೇನೂ ಇಲ್ಲ. ನಾನು ಮಾತಾಡುತ್ತಿರುವುದು ಚಾಕುಗಳ ಬಗ್ಗೆ.

ಆ ಕಂತಿನ ಚಾಕು ಕೊಂಡವರ ಮನೆಮನೆಗೆ ಹೋದೆ. ಕೆಲವರು ಬಾಗಿಲಲ್ಲೇ ಬೈದರು, ಆದರೆ ಕೊನೆಗೆ ಎಲ್ಲರೂ ಕೊಟ್ಟರು. ಒಂದೊಂದನ್ನೂ ಇಕ್ಕಳಕ್ಕೆ ಸಿಕ್ಕಿಸಿ ಸುತ್ತಿಗೆಯಿಂದ ತಟ್ಟಿದೆ. ಬಿಸ್ಕತ್ತಿನ ಹಾಗೆ ಮುರಿದವು. ಮಾರಾಟಕ್ಕೆ ಇಡದ ಇನ್ನೊಂದು ಉಳಿದಿದೆ. ಅದು ಎಲ್ಲಿದೆ ಎಂದು ಕೇಳಿ ಕೇಳಿ ನನ್ನ ಗಂಟಲು ಒಣಗಿತು. "ಅದು ನಾನು ಮಾಡಿದ್ರಲ್ಲೇ ಚೆಂದದ್ದು. ಹೇಳಿದ್ರೆ ನೀನು ಮುರೀತೀಯ," ಎನ್ನುತ್ತಾರೆ ಈ ಮಹಾಶಯರು. ಯಾವುದೋ ಮನೆಯಲ್ಲಿ, ಯಾರೋ ಒಬ್ಬರು, ಇವತ್ತು ರಾತ್ರಿಯ ಊಟಕ್ಕೆ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಅವರು ಯಾರು, ಅನ್ಸೆಲ್ಮೋ? ಪದಕ ಇಲ್ಲಿ ನನ್ನ ಕೈಯಲ್ಲಿದೆ. ನೀನು ಬಾಯಿ ಬಿಡುವವರೆಗೂ ಇಲ್ಲಿಂದ ಇಳಿಯುವುದಿಲ್ಲ. ಎದ್ದು ನಿಲ್ಲು. ಓಸ್ವಾಲ್ದೋ ಅವರೇ, ನನ್ನ ತೋಳು ಬಿಡಿ, ಮೈಕನ್ನೂ ಬಿಡಿ.

ಏನಂದೆ? ಕೇಳಿಸಲಿಲ್ಲ. ಜೋರಾಗಿ ಹೇಳು.

ನೆರೇಯಾ?

ಸಭಿಕರೇ, ನೆರೇಯಾ ನಮ್ಮ ಮಗಳು. ಕಳೆದ ತಿಂಗಳು ಬಾಹಿಯಾ ಬ್ಲಾಂಕಾದಲ್ಲಿ ಹೊಸ ಮನೆ ಹೂಡಿದಳು. ಅಪ್ಪ ಏನೋ ಉಡುಗೊರೆ ಕೊಟ್ಟ ಅಂತ ಮೆಸೇಜ್ ಹಾಕಿದ್ದಳು, ಏನೆಂದು ನಾನು ಕೇಳಲಿಲ್ಲ.

ಮಗಳಿಗೇ ಕೊಟ್ಟೆಯಾ? ಹಾಗಾದರೆ ನೀನು ಸುಳ್ಳು ಹೇಳುತ್ತಿರಲಿಲ್ಲ. ಅದು ಒಳ್ಳೆಯ ಚಾಕು ಎಂದು ನಿಜವಾಗಿಯೂ ನಂಬಿದ್ದೆ. ದೇವರೇ, ನೀನು ಮೋಸಗಾರನಾಗಿದ್ದರೆ ಎಷ್ಟೋ ಸುಲಭವಿತ್ತು, ಅನ್ಸೆಲ್ಮೋ. ನಿಂತು ಅಳಬೇಡ. ನಿನ್ನ ಫೋನಿನಲ್ಲಿ ಅವಳಿಗೆ ಹಚ್ಚು, ನಾನು ಹಚ್ಚಿದರೆ ಅವಳು ಎತ್ತುವುದಿಲ್ಲ. ಚಾಕು ಮುಟ್ಟಬೇಡ ಅಂತ ಹೇಳು. ಅಪ್ಪ ಕೆಡಿಸಿದ್ದಾನೆ ಅಂತ ನಿನ್ನ ಬಾಯಲ್ಲೇ ಹೇಳು. ಹೊರಗೆ ಹೋಗು, ಇಲ್ಲಿ ಸದ್ದು ಜಾಸ್ತಿ. ತಡಿ, ನಾನೂ ಬಂದೆ.

ಪದಕವನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ, ಬಳಗದವರು ಏನು ಬೇಕಾದರೂ ಮಾಡಿಕೊಳ್ಳಲಿ. ಕೇಳಿಸಿಕೊಂಡವರಿಗೂ ಕೇಳಿಸಿಕೊಳ್ಳದಂತೆ ಕೂತವರಿಗೂ ನನ್ನ ವಂದನೆಗಳು. ದಾರಿ ಬಿಡಿ. ನಮಸ್ಕಾರ.